ಸೈಕಲ್ ಕ್ಯಾಂಪಿಂಗ್‌ಗೆ ಯಾವ ಮ್ಯಾಟ್? ಎರಿನೆಲ, ಮುಳ್ಳು, ಡಿಸೆಂಬರ್ ಚಳಿ

ಕೃಷ್ಣಾತೀರ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಗೆ ಬೆಳಗಾವಿಯಿಂದ ಹೊರಟು ಗೋಕಾಕ, ಮುಧೋಳ, ಬಾಗಲಕೋಟೆ, ಬಾದಾಮಿ, ಆಲಮಟ್ಟಿ ಹಾದು ವಿಜಯಪುರ ಮುಟ್ಟುವ ಯೋಜನೆ ಇದೆ. ಟೆಂಟ್ ಇದೆ, ಸ್ಲೀಪಿಂಗ್ ಬ್ಯಾಗ್ ಇದೆ. ಕೆಳಗೆ ಏನು ಹಾಸಬೇಕು ಅನ್ನುವುದೊಂದೇ ಬಗೆಹರಿದಿಲ್ಲ.

ಹೈಬ್ರಿಡ್ ಸೈಕಲ್, ಹಿಂದೆ ಕ್ಯಾರಿಯರ್, ಎರಡು ಬದಿಗೂ ಚೀಲ. ಎತ್ತರ 5 ಅಡಿ 8 ಇಂಚು, ತೂಕ 74 ಕೆಜಿ, ಮಗ್ಗುಲಾಗಿ ಮಲಗುವ ರೂಢಿ. ಬಜೆಟ್ 4,000 ರೂಪಾಯಿ. ಸುರುಳಿ ಸುತ್ತುವ ಫೋಮ್, ತಾನೇ ಉಬ್ಬುವ ಮ್ಯಾಟ್, ಬಾಯಿಂದ ಊದುವ ಮ್ಯಾಟ್, ಹೀಗೆ ಮೂರು ನಮೂನೆ ಸಿಗುತ್ತಿವೆ. ಆರ್-ವ್ಯಾಲ್ಯೂ ಅಂತ ಒಂದು ಸಂಖ್ಯೆಯನ್ನು ಕೆಲವರು ಬರೆದಿರುತ್ತಾರೆ, ಕೆಲವರು ಬರೆಯುವುದೇ ಇಲ್ಲ. ನಮ್ಮ ಕಡೆಯ ಚಳಿಗೆ ಅದು ಎಷ್ಟಿದ್ದರೆ ಸಾಕು?

ಖಾನಾಪುರ ಗಾಲಿ

ಮೊದಲು ಸಂಖ್ಯೆಯ ಮಾತು. ಮೈಯ ಶಾಖ ನೆಲಕ್ಕೆ ಇಳಿಯದಂತೆ ಮ್ಯಾಟ್ ಎಷ್ಟು ತಡೆಯುತ್ತದೆ ಅನ್ನುವುದರ ಅಳತೆ ಆರ್-ವ್ಯಾಲ್ಯೂ. ಹೆಚ್ಚಿದ್ದಷ್ಟೂ ಬೆಚ್ಚಗೆ. 2018ರಲ್ಲಿ ಎಎಸ್‌ಟಿಎಂ ಎಫ್3340 ಎಂಬ ಪರೀಕ್ಷಾ ಮಾನದಂಡ ಬಂದ ಮೇಲೆ ಒಂದು ಕಂಪನಿಯ ಸಂಖ್ಯೆಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. ಅದಕ್ಕೂ ಮೊದಲು ಪ್ರತಿಯೊಬ್ಬರದೂ ಅವರವರ ಲೆಕ್ಕ. ಡಬ್ಬಿಯ ಮೇಲೆ ಬರೀ ‘ಇಷ್ಟು ಡಿಗ್ರಿವರೆಗೆ ಆರಾಮ’ ಅಂತಿದ್ದರೆ ಅದನ್ನು ಜಾಹೀರಾತು ಅಂತ ತಿಳಿಯಿರಿ.

ಬೇಸಿಗೆಗೆ 1 ಇದ್ದರೂ ನಡೆಯುತ್ತದೆ. ಬಯಲುಸೀಮೆಯ ಡಿಸೆಂಬರ್–ಜನವರಿಗೆ 2 ಸಾಕು. ಖಾನಾಪುರ, ಜಾಂಬೋಟಿ ಕಡೆ ಗದ್ದೆಯ ಬದಿಯ ತಂಪು ನೆಲದಲ್ಲಿ ಮಲಗುವುದಾದರೆ 2.5–3. ಅದಕ್ಕಿಂತ ಮೇಲಿನದು ಹಿಮಾಲಯಕ್ಕೆ ಹೋಗುವವರ ವಿಚಾರ, ನಮ್ಮ ಮೂರೂ ಜಿಲ್ಲೆಗೆ ದುಡ್ಡು ದಂಡ.

ಇನ್ನೊಂದು ಉಪಯೋಗದ ಸಂಗತಿ: ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿದರೆ ಅವುಗಳ ಆರ್-ವ್ಯಾಲ್ಯೂ ಕೂಡುತ್ತದೆ. 1ರ ಫೋಮ್ ಮೇಲೆ 2ರದ್ದು ಹಾಸಿದರೆ 3.

ಡೋಣಿಸಾಲು

ಅಣ್ಣಾರ, ನಂಬರಿನ ಮಾತು ಖರೇ. ಆದ್ರ ವಿಜಯಪುರ, ಬಾಗಲಕೋಟಿ ಕಡೆ ಮ್ಯಾಟ್ ಆರಿಸೂದು ಚಳಿ ಅಲ್ಲರಿ, ನೆಲ. ಇಲ್ಲಿ ನೆಲದಾಗ ಏನೇನ್ ಐತಿ ಅಂತ ಹೇಳ್ತೀನಿ, ಆಮ್ಯಾಲ ಊದೂ ಮ್ಯಾಟ್ ಬೇಕೋ ಬ್ಯಾಡೋ ನೀವ ಹೇಳ್ರಿ.

ಒಂದು, ನೆಗ್ಗಿಲ ಮುಳ್ಳು. ರಸ್ತೆ ಬದಿ, ಕಣದ ಸುತ್ತ, ಗುಡಿ ಬಯಲಾಗ ಎಲ್ಲಾ ಕಡೆ. ಒಣಗಿದ ಮ್ಯಾಲ ಹ್ಯಾಂಗ್ ಬಿದ್ರೂ ಒಂದ್ ಮುಳ್ಳು ಮ್ಯಾಲ ಮುಖ ಮಾಡಿರ್ತೈತಿ. ಟೆಂಟಿನ ತಳ ತೂತು ಮಾಡಿ ಸೀದಾ ಮ್ಯಾಟಿಗೆ ಬರ್ತೈತಿ. ಎರಡು, ಜಾಲಿ. ಕರಿಜಾಲಿದಾಗಲಿ, ಬಳ್ಳಾರಿ ಜಾಲಿದಾಗಲಿ, ಉದುರಿದ ಮುಳ್ಳು ಮಣ್ಣಾಗ ಅರ್ಧ ಹುಗದು ಕೂತಿರ್ತೈತಿ, ಟಾರ್ಚ್ ಬೆಳಕಿಗೆ ಕಾಣೂದಿಲ್ಲ. ನೆರಳ ಐತಿ ಅಂತ ಜಾಲಿಗಿಡದ ಬುಡಕ್ಕ ಟೆಂಟ್ ಹಾಕಬ್ಯಾಡ್ರಿ.

ಮೂರನೇದು ಭಾಳ ಮಂದಿಗೆ ಗೊತ್ತಿಲ್ಲ. ತೊಗರಿ ಕೂಳಿ. ಡಿಸೆಂಬರ್, ಜನವರಿ ಅಂದ್ರ ತೊಗರಿ ಕೊಯ್ದ ಹೊಲ ಖಾಲಿ ಬಿದ್ದಿರ್ತಾವು, ನೋಡಾಕ ಬಯಲು, ಸಪಾಟು. ಕುಡಗೋಲಿಂದ ಓರೆ ಕೊಯ್ದ ಕಟಗಿ ನೆಲದಿಂದ ನಾಕ್ ಬೆರಳ ಮ್ಯಾಲ ನಿಂತಿರ್ತೈತಿ, ಒಣಗಿ ಕಬ್ಬಣ ಆಗಿರ್ತೈತಿ. ಟ್ರ್ಯಾಕ್ಟರ್ ಟಾಯರ್ ಬಿಡೂದಿಲ್ಲ ಅದು, ನಿಮ್ಮ ಪ್ಲಾಸ್ಟಿಕ್ ಹಾಸಗಿ ಯಾವ ಲೆಕ್ಕ. ಜ್ವಾಳದ ಕೂಳಿ ಅಷ್ಟ್ ಗಟ್ಟಿ ಇರೂದಿಲ್ಲ, ಆದ್ರ ಬೆನ್ನಿಗೆ ಚುಚ್ಚತೈತಿ.

ಅದಕ್ಕ ಈ ಕಡಿಗೆ ಮೊದಲು ಫೋಮ್. ಐವತ್ತು ತೂತು ಬಿದ್ರೂ ಫೋಮ್ ಫೋಮೇ.

ಬಾದಾಮಿ ಬೆಲ್

ಡೋಣಿಸಾಲು ಅವರ ನೆಲದ ಮಾತು ಒಪ್ಪಿದೆ. ಆದರೆ ಕೇಳಿದವರು ಮಗ್ಗುಲಾಗಿ ಮಲಗುವವರು ಅನ್ನುವುದನ್ನು ಮರೆಯಬೇಡಿ. ಬೆನ್ನ ಮೇಲೆ ಮಲಗುವವರ ಭಾರ ಹರಡಿಕೊಳ್ಳುತ್ತದೆ, ಅವರಿಗೆ 1 ಸೆಂಮೀ ಫೋಮ್ ಸಾಕು. ಮಗ್ಗುಲಾದರೆ ಭುಜ, ಸೊಂಟದ ಎಲುಬು ಎರಡೇ ಕಡೆ ಭಾರ ಕೂರುತ್ತದೆ, ಫೋಮ್ ಅಲ್ಲಿ ಅಪ್ಪಚ್ಚಿಯಾಗಿ ಎಲುಬು ನೆಲ ಮುಟ್ಟುತ್ತದೆ. ಗಟ್ಟಿ ನೆಲದಲ್ಲಿ ಮಗ್ಗುಲಾಗಿ ಮಲಗಲು ತಾನೇ ಉಬ್ಬುವುದಾದರೆ 4 ಸೆಂಮೀ, ಗಾಳಿಯದ್ದಾದರೆ 6–7 ಸೆಂಮೀ ಬೇಕು.

ಗಾಳಿ ಮ್ಯಾಟ್ ಸರಿಯಾಗಿ ತುಂಬಿದೆಯೋ ಇಲ್ಲವೋ ನೋಡುವ ಬಗೆ: ಮಗ್ಗುಲಾಗಿ ಮಲಗಿ, ಸೊಂಟದ ಕೆಳಗೆ ಮ್ಯಾಟ್ ಮತ್ತು ನೆಲದ ನಡುವೆ ಅಂಗೈ ತೂರಿಸಿ. ಕೈ ಜಜ್ಜಿದರೆ ಗಾಳಿ ಕಡಿಮೆ. ಸೊಂಟ ಒಂಚೂರೂ ಇಳಿಯದೆ ಹಲಗೆಯಂತೆ ಎತ್ತಿ ಹಿಡಿದರೆ ಜಾಸ್ತಿ, ವಾಲ್ವ್ ಒತ್ತಿ ಸ್ವಲ್ಪ ಬಿಡಿ. ತುಂಬಾ ಬಿಗಿ ಊದಿದ ಮ್ಯಾಟ್‌ನಲ್ಲಿ ನಿದ್ದೆಯೂ ಇಲ್ಲ, ಒಳಗಿನ ಬೆಸುಗೆಗೂ ಕೇಡು.

ಪಂಕ್ಚರ್ ಪೆಟ್ಟಿಗೆ

ಬೆಸುಗೆಯ ಮಾತು ಬಂತಲ್ಲ, ಅದನ್ನು ಬಿಡಿಸಿ ಹೇಳಬೇಕು. ಗಾಳಿ ಮ್ಯಾಟ್ ಕೆಡುವುದು ಎರಡು ರೀತಿ. ತೂತು ಬಿದ್ದರೆ ಮುಚ್ಚಬಹುದು. ಒಳಗೆ ಮೇಲಿನ ಪದರ, ಕೆಳಗಿನ ಪದರ ಹಿಡಿದಿಡುವ ಅಡ್ಡಗೋಡೆಗಳ ಬೆಸುಗೆ ಬಿಟ್ಟರೆ ಮಾತ್ರ ಮ್ಯಾಟ್ ನಡುವೆ ಡುಬ್ಬ ಏಳುತ್ತದೆ, ಅದಕ್ಕೆ ರಿಪೇರಿ ಇಲ್ಲ. ಕಾರಣಗಳು: ಉಬ್ಬಿಸಿದ ಮ್ಯಾಟ್ ಮೇಲೆ ಮೊಣಕಾಲೂರಿ ಕೂರುವುದು, ಬೆಳಿಗ್ಗೆ ಟೆಂಟ್‌ನಲ್ಲೇ ಬಿಸಿಲಿಗೆ ಬಿಡುವುದು, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಿಡಿಸುವುದು. ಕಂಪ್ರೆಸರ್ ಅಂತೂ ಒಂದೇ ಕ್ಷಣದ ಕೆಲಸ. ಟಾಯರ್ ಪಂಪೂ ಬೇಡ. ಒಂದು ಸಲ ಒತ್ತಿದರೆ ಬರುವ ಗಾಳಿ ಚೂರೇ ಚೂರು, ಮ್ಯಾಟ್ ಹಿಡಿಯುವುದು 60 ಲೀಟರ್ ಆಸುಪಾಸು. ಕೈ ಸೋಲುತ್ತದೆ, ಮ್ಯಾಟ್ ತುಂಬುವುದಿಲ್ಲ.

ಪಂಪ್ ಚೀಲ (ಗಾಳಿ ಹಿಡಿದು ಮ್ಯಾಟ್‌ಗೆ ಒತ್ತಿ ತುಂಬುವ ಚೀಲ) ಇಟ್ಟುಕೊಳ್ಳಿ. ಬಾಯಿಂದ ಊದಿದರೆ ಉಸಿರಿನ ತೇವ ಒಳಗೆ ಕೂತು ಬೂಸ್ಟು ಹಿಡಿಯುತ್ತದೆ, ತಾನೇ ಉಬ್ಬುವ ಮ್ಯಾಟ್‌ನ ಸ್ಪಂಜಿಗಂತೂ ಬೇಗ. ಇನ್ನೊಂದು ಗಮನಿಸಿ. ಉಸಿರು ಹೆಚ್ಚುಕಡಿಮೆ 37 ಡಿಗ್ರಿ, ರಾತ್ರಿಯ ನೆಲ 12 ಡಿಗ್ರಿ ಅಂದುಕೊಳ್ಳಿ. ಒಳಗಿನ ಗಾಳಿ ತಣಿದು 8 ಪರ್ಸೆಂಟ್‌ನಷ್ಟು ಕುಗ್ಗುತ್ತದೆ. ರಾತ್ರಿ ಹನ್ನೊಂದಕ್ಕೆ ಮ್ಯಾಟ್ ಮೆತ್ತಗಾಯಿತು ಅಂತ ತೂತು ಹುಡುಕುತ್ತಾ ಕೂರುವವರು ಬಹಳ. ಊದಿ ಇಪ್ಪತ್ತು ನಿಮಿಷ ಬಿಟ್ಟು, ತಣಿದ ಮೇಲೆ ಮತ್ತೆರಡು ಉಸಿರು ತುಂಬಿದರೆ ಮುಗಿಯಿತು. ಬೆಳಗಾಗುವುದರೊಳಗೆ ಪೂರ್ತಿ ನೆಲ ಮುಟ್ಟಿದರೆ ಮಾತ್ರ ತೂತು.

ಕೃಷ್ಣಾತೀರ

ಪಂಕ್ಚರ್ ಪೆಟ್ಟಿಗೆ ಅವರೇ, ತೂತಾದರೆ ಸೈಕಲ್ ಟ್ಯೂಬಿನ ಸೊಲ್ಯೂಷನ್, ಪ್ಯಾಚ್ ನಡೆಯುತ್ತದೆಯೇ? ಅದು ಹೇಗೂ ಚೀಲದಲ್ಲಿ ಇರುತ್ತದೆ.

ಪಂಕ್ಚರ್ ಪೆಟ್ಟಿಗೆ

ನಡೆಯುವುದಿಲ್ಲ. ಆ ಸೊಲ್ಯೂಷನ್ ರಬ್ಬರಿಗೆ ಮಾಡಿದ್ದು. ಮ್ಯಾಟ್ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ, ಅದರ ಒಳಮೈಗೆ ಟಿಪಿಯು (ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್) ಲೇಪ. ಆ ಲೇಪಕ್ಕೆ ರಬ್ಬರ್ ಸೊಲ್ಯೂಷನ್ ಕಚ್ಚಿ ಹಿಡಿಯುವುದಿಲ್ಲ, ಒಣಗಿದ ಮೇಲೆ ಪ್ಯಾಚು ಉಗುರಿಗೆ ಎದ್ದು ಬರುತ್ತದೆ. ಫೆವಿಕ್ವಿಕ್ ಹಚ್ಚಿದರೆ ಗಾಜಿನಂತೆ ಬಿರುಸಾಗಿ, ಮಡಚಿದ ಕೂಡಲೇ ಬಿರುಕು. ಸೊಲ್ಯೂಷನ್ ಬೇಡದ ಸ್ಟಿಕ್ಕರ್ ಪ್ಯಾಚ್ ಒಂದು ರಾತ್ರಿ ಕಳೆಯುವ ಮಟ್ಟಿಗೆ ಆದೀತು.

ಬೇಕಾದದ್ದು ಪಾಲಿಯುರೆಥೇನ್ ಅಂಟು, ಇಲ್ಲವೇ ಅಂಟು ಸಮೇತ ಬರುವ ಟಿಪಿಯು ಪ್ಯಾಚ್. ಕ್ರಮ ಹೀಗೆ:

ಮ್ಯಾಟ್ ಬಿಗಿಯಾಗಿ ತುಂಬಿ, ಸೋಪಿನ ನೀರು ಒದ್ದೆ ಬಟ್ಟೆಯಲ್ಲಿ ಸವರಿ. ಮೊದಲು ವಾಲ್ವ್, ಆಮೇಲೆ ಅಂಚಿನ ಹೊಲಿಗೆ, ಕೊನೆಗೆ ತಳ. ಗುಳ್ಳೆ ಬಂದಲ್ಲಿ ಪೆನ್ನಿಂದ ದೊಡ್ಡ ಸುತ್ತು ಹಾಕಿ, ಬರೀ ಚುಕ್ಕೆ ಇಟ್ಟರೆ ಒರೆಸುವಾಗ ಅಳಿಸಿ ಹೋಗುತ್ತದೆ. ಗಾಳಿ ಪೂರ್ತಿ ಬಿಟ್ಟು, ಒಣಗಿಸಿ, ಮೆಡಿಕಲ್ ಅಂಗಡಿಯ ಸ್ಪಿರಿಟ್ ಸ್ವಾಬ್‌ನಿಂದ ಒರೆಸಿ. ತೂತಿನಿಂದ ಎಲ್ಲಾ ಕಡೆ ಒಂದು ಸೆಂಟಿಮೀಟರ್ ದಾಟುವಂತೆ ಅಂಟನ್ನು ತೆಳ್ಳಗೆ ಸವರಿ. ದಪ್ಪ ಹಚ್ಚಿದರೆ ಒಳಗೆ ಒಣಗುವುದಿಲ್ಲ. ವಾಲ್ವ್ ತೆರೆದೇ ಇರಲಿ. ಮುಚ್ಚಿದ್ದರೆ ಒಳಗೆ ಉಳಿದ ಗಾಳಿ ಹಸಿ ಅಂಟನ್ನು ತಳ್ಳಿ ಗುಳ್ಳೆ ಮಾಡುತ್ತದೆ. ಅಂಟಾದರೆ ಒಂದು ರಾತ್ರಿ ಪೂರ್ತಿ ಬಿಡಬೇಕು. ಅಂದರೆ ಆ ರಾತ್ರಿ ಮ್ಯಾಟ್ ಇಲ್ಲ. ಅದಕ್ಕೇ ದಾರಿಗೆ ಸ್ಟಿಕ್ಕರ್ ನಮೂನೆ, ಮನೆಗೆ ಅಂಟು.

ವಾಲ್ವ್‌ನಿಂದ ಗುಳ್ಳೆ ಬಂದರೆ ಹೆದರಬೇಡಿ. ಹತ್ತಕ್ಕೆ ಎಂಟು ಸಲ ವಾಷರ್ ಮೇಲೆ ಮಣ್ಣಿನ ಕಣ ಕೂತಿರುತ್ತದೆ, ನೀರಲ್ಲಿ ತೊಳೆದರೆ ಸಾಕು.

ಕೌದಿ ಕ್ಯಾಂಪರ್

ಇಷ್ಟೆಲ್ಲಾ ಯಾಕ್ರಿ? ನಮ್ಮ ಮಂದಿ ಜಾತ್ರಿಗೆ, ಪಾದಯಾತ್ರಿಗೆ ಹೋಗುವಾಗ ಹಳೇ ಬಟ್ಟಿ ಹೊಲದ ಮಾಡಿದ ಕೌದಿ ಹಾಸಿಕೊಂಡ ಮಲಗ್ತಾರ. ಕೆಳಗ ಒಂದ್ ತಾಡಪತ್ರಿ, ಮ್ಯಾಲ ಕೌದಿ, ಮುಗೀತು. ಮುಳ್ಳು ಚುಚ್ಚಿದ್ರ ತೇಪಿ ಹಾಕೂದು, ಕೌದಿ ಇರೂದ ತೇಪಿಯಿಂದ.

ಖಾನಾಪುರ ಗಾಲಿ

ಕೌದಿಗೆ ಗೌರವ ಇದೆ ಸರ್, ಆದರೆ ಸೈಕಲ್‌ಗೆ ಮೂರು ತಕರಾರು. ತೂಕ ಮತ್ತು ಗಾತ್ರ ಮೊದಲನೆಯದು, ಅರ್ಧ ಬದಿಚೀಲ ಅದೊಂದಕ್ಕೇ ಹೋಗುತ್ತದೆ. ಎರಡನೆಯದು, ಹತ್ತಿ ಇಬ್ಬನಿ ಕುಡಿಯುತ್ತದೆ. ಕಾಲುವೆ ದಂಡೆ, ಹಿನ್ನೀರಿನ ಬದಿ ಮಲಗಿದರೆ ಬೆಳಿಗ್ಗೆ ಕೌದಿ ತೊಯ್ದಿರುತ್ತದೆ, ಒಣಗಿಸದೆ ಕಟ್ಟಿದರೆ ಸಂಜೆಗೆ ಮುಗ್ಗಲು ವಾಸನೆ. ಮೂರನೆಯದೇ ಮುಖ್ಯ: ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯ ನಡುವೆ ಸಿಕ್ಕಿಕೊಂಡ ಗಾಳಿ. ಮೈಭಾರಕ್ಕೆ ಕೌದಿ ಒತ್ತಿ ಆ ಗಾಳಿ ಹೊರಟು ಹೋಗುತ್ತದೆ. ಮುಚ್ಚಿದ ಗುಳ್ಳೆಯ ಫೋಮ್‌ನಲ್ಲಿ ಗಾಳಿ ಗುಳ್ಳೆಯೊಳಗೇ ಸಿಕ್ಕಿಬಿದ್ದಿರುವುದರಿಂದ ಅಷ್ಟು ಸುಲಭಕ್ಕೆ ಹೊರಡುವುದಿಲ್ಲ. ಸ್ಲೀಪಿಂಗ್ ಬ್ಯಾಗಿನ ತಳ ಬೆನ್ನ ಕೆಳಗೆ ಕೆಲಸಕ್ಕೆ ಬಾರದಿರುವುದೂ ಇದೇ ಕಾರಣಕ್ಕೆ.

ಕೌದಿ ಹೊದೆಯಲು ಒಳ್ಳೆಯದು. ಹಾಸಲು ಅದಕ್ಕಿಂತ ಕುರಿ ಉಣ್ಣೆಯ ಕಂಬಳಿ ಮೇಲು, ತೇವ ಆದರೂ ಅಷ್ಟು ತಣ್ಣಗಾಗದು.

ಕೌದಿ ಕ್ಯಾಂಪರ್

ತೂಕದ ಮಾತು ಒಪ್ಪೂದಿಲ್ಲ. ಬೆನ್ನ ಮ್ಯಾಲ ಹೊತ್ಕೊಂಡು ಹೋಗೂದಿಲ್ಲಲ್ಲ, ಸೈಕಲ್ ಹೊರ್ತೈತಿ.

ಎರೆಹುಳ

ಈ ಮಾತಿನಲ್ಲಿ ಕೌದಿ ಅವರದೇ ಸರಿ. 1 ಕೆಜಿಯನ್ನು 100 ಮೀಟರ್ ಏರಿಸಲು ಬೇಕಾದ ಶಕ್ತಿ 981 ಜೂಲ್, ಕಾಲು ಕಿಲೋಕ್ಯಾಲರಿಯೂ ಅಲ್ಲ. ದೇಹದ ನಷ್ಟ ಸೇರಿಸಿದರೂ ಒಂದು ಕಿಲೋಕ್ಯಾಲರಿ ಆಸುಪಾಸು, ಅಂದರೆ ಒಂದು ಚುರುಮುರಿ ಮುಕ್ಕಿದಷ್ಟೂ ಇಲ್ಲ. ಚಾರಣದವರು ನೂರು ಗ್ರಾಮಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಥರ್ಮ್-ಎ-ರೆಸ್ಟ್ ನಿಯೋಏರ್ ಎಕ್ಸ್‌ಲೈಟ್ ಎನ್‌ಎಕ್ಸ್‌ಟಿ ಎಂಬ ಗಾಳಿ ಮ್ಯಾಟ್ 370 ಗ್ರಾಂ, ಆರ್-ವ್ಯಾಲ್ಯೂ 4.5, ಚಂದದ ವಸ್ತು, ಆದರೆ ಬೆಲೆ ಐದಂಕಿ. ಸೈಕಲ್ಲಿನವರಿಗೆ ತೂಕಕ್ಕಿಂತ ಗಾತ್ರ ದೊಡ್ಡ ತೊಂದರೆ. ವಿಜಯಪುರದ ಬಯಲಲ್ಲಿ ಎದುರುಗಾಳಿ ಬಂದಾಗ ಅಡ್ಡ ಕಟ್ಟಿದ ದೊಡ್ಡ ಸುರುಳಿ ಹಾಯಿಯಾಗುತ್ತದೆ.

ಕೃಷ್ಣಾತೀರ ಅವರೇ, ನಿಮ್ಮ ಬಜೆಟ್ಟಿಗೆ ಫೋಮ್ ಹೇಗೆ ಆರಿಸುವುದು ಅಂತ ಹೇಳುತ್ತೇನೆ. ಬ್ರ್ಯಾಂಡ್ ಬೇಕೆಂದರೆ ಮಡಚುವ ನಮೂನೆ ಇವೆ, ಝಡ್ ಲೈಟ್ ಸೋಲ್ 410 ಗ್ರಾಂ, ಆರ್-ವ್ಯಾಲ್ಯೂ 2. ಬ್ರ್ಯಾಂಡ್ ಬೇಡವೆಂದರೆ ಫೋಮ್, ರೆಕ್ಸಿನ್ ಮಾರುವ ಅಂಗಡಿಯಲ್ಲಿ ಹಾಳೆ ಕೊಯ್ಸಿಕೊಳ್ಳಬಹುದು. ಅಲ್ಲಿ ಬಿಳಿ ಪ್ಯಾಕಿಂಗ್ ಫೋಮ್ ಕೊಟ್ಟು ಕಳಿಸುತ್ತಾರೆ, ತಗೊಳ್ಳಬೇಡಿ. ಅದು ಇಪಿಇ: ಗುಳ್ಳೆ ಕಣ್ಣಿಗೆ ಕಾಣುವಷ್ಟು ದೊಡ್ಡವು, ಹಿಸುಕಿದರೆ ಚರಚರ ಸದ್ದು, ನಾಲ್ಕಾರು ರಾತ್ರಿಗೆ ಸೊಂಟದ ಜಾಗದಲ್ಲಿ ಕಾಗದವಾಗುತ್ತದೆ. ಕೇಳಬೇಕಾದ್ದು ಎಕ್ಸ್‌ಎಲ್‌ಪಿಇ ಅಥವಾ ಇವಿಎ. ಗುಳ್ಳೆ ಸಣ್ಣ, ಮೈ ನುಣುಪು. ಹೆಬ್ಬೆರಳ ಉಗುರಿನಿಂದ ಹತ್ತು ಎಣಿಸುವವರೆಗೆ ಒತ್ತಿ ಬಿಡಿ. ನಿಮಿಷದಲ್ಲಿ ಗುರುತು ಬಹುತೇಕ ಮಾಯವಾದರೆ ಒಳ್ಳೆಯದು, ಗೀರು ಹಾಗೇ ನಿಂತರೆ ಬಿಡಿ. ಸಂಶಯವಿದ್ದರೆ ಒಂದು ತುಂಡನ್ನು ನೀರಲ್ಲಿ ಅದ್ದಿ ಹಿಂಡಿ. ನೀರು ಕುಡಿದರೆ ಅದು ತೆರೆದ ಗುಳ್ಳೆಯದು, ನೆಲದ ಮೇಲೆ ಹಾಸಲು ಬಾರದು.

ತೂಕ ನೀವೇ ಲೆಕ್ಕ ಹಾಕಬಹುದು. ಘನ ಮೀಟರಿಗೆ 30 ಕೆಜಿ ಸಾಂದ್ರತೆಯ ಹಾಳೆ 180 ಸೆಂಮೀ ಉದ್ದ, 60 ಅಗಲ, 1 ದಪ್ಪ ಇದ್ದರೆ 324 ಗ್ರಾಂ. ಬಿಗಿಯಾಗಿ ಸುತ್ತಿದರೆ ಅಡ್ಡಳತೆ 16 ಸೆಂಮೀ ಸುಮಾರು. ಯೋಗ ಮ್ಯಾಟ್ ಇದೆಯಲ್ಲ ಅಂತ ಕೆಲವರು ಅದನ್ನೇ ಕಟ್ಟುತ್ತಾರೆ. ಪಿವಿಸಿ ಯೋಗ ಮ್ಯಾಟ್ ಭಾರ ಜಾಸ್ತಿ, ದಪ್ಪ ಕಡಿಮೆ, ಬೆಚ್ಚಗೂ ಇರುವುದಿಲ್ಲ.

ಬಾದಾಮಿ ಬೆಲ್

ತಾನೇ ಉಬ್ಬುವ ಮ್ಯಾಟ್ ಬಗ್ಗೆ ಯಾರೂ ಹೇಳಲಿಲ್ಲ. ಒಳಗೆ ತೆರೆದ ಗುಳ್ಳೆಯ ಸ್ಪಂಜು, ಹೊರಗೆ ಬಟ್ಟೆ, ಎರಡಕ್ಕೂ ಅಂಟು. ವಾಲ್ವ್ ತೆರೆದರೆ ಸ್ಪಂಜು ಹಿಗ್ಗಿ ಗಾಳಿ ಎಳೆದುಕೊಳ್ಳುತ್ತದೆ, ಕೊನೆಗೆ ನಾಲ್ಕೈದು ಉಸಿರು ಊದಬೇಕು. ತೂತು ಬಿದ್ದರೂ ಸ್ಪಂಜಿನ ದಪ್ಪ ಸ್ವಲ್ಪ ಉಳಿಯುತ್ತದೆ, ಪೂರ್ತಿ ನೆಲದ ಪಾಲಾಗುವುದಿಲ್ಲ. ನಮ್ಮ ಕಡೆ ಇದರ ಶತ್ರು ಮುಳ್ಳಿಗಿಂತ ಬಿಸಿಲು. ಗಾಳಿ ತುಂಬಿ ವಾಲ್ವ್ ಮುಚ್ಚಿ ಬಿಸಿಲಿಗೆ ಬಿಟ್ಟರೆ ಒಳಗಿನ ಗಾಳಿ ಹಿಗ್ಗುತ್ತದೆ, ಕಾವಿಗೆ ಅಂಟೂ ಮೆತ್ತಗಾಗುತ್ತದೆ, ಬಟ್ಟೆ ಸ್ಪಂಜಿನಿಂದ ಕಿತ್ತು ಬಲೂನಿನಂತೆ ಏಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮುಚ್ಚಿದ ಟೆಂಟ್ ಒಳಗೆ ಇಟ್ಟರೂ ಇದೇ ಗತಿ. ಎದ್ದ ಕೂಡಲೇ ವಾಲ್ವ್ ತೆರೆಯುವುದು ಪಾಠವಾಗಲಿ. ಮನೆಯಲ್ಲಿ ಸುತ್ತಿಡಬೇಡಿ. ಮಂಚದ ಕೆಳಗೆ ಬಿಚ್ಚಿ, ವಾಲ್ವ್ ತೆರೆದು ಇಡಿ, ಇಲ್ಲದಿದ್ದರೆ ಸ್ಪಂಜು ಉಬ್ಬುವುದನ್ನೇ ಮರೆಯುತ್ತದೆ.

ಮಲಗುವ ಜಾಗದ ಬಗ್ಗೆಯೂ ಒಂದು ಮಾತು. ಬಾದಾಮಿ ಗುಹೆಗಳು, ಪಟ್ಟದಕಲ್ಲು, ಐಹೊಳೆ ಪುರಾತತ್ವ ಇಲಾಖೆಯ ಸ್ಮಾರಕಗಳು, ಆವರಣದಲ್ಲಿ ಟೆಂಟ್ ಹಾಕುವಂತಿಲ್ಲ. ಊರ ಗುಡಿಯ ಪೌಳಿ, ಮಠದ ಪಡಸಾಲೆ ಕೇಳಿದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಅಲ್ಲಿ ಮುಳ್ಳಿಲ್ಲ, ಆದರೆ ಕಲ್ಲಿನ ನೆಲ. ಕಲ್ಲು ಮಣ್ಣಿಗಿಂತ ಬೇಗ ಶಾಖ ಎಳೆಯುತ್ತದೆ, ಚಳಿಗಾಲದಲ್ಲಿ ಬರೀ ಚಾಪೆ ಸಾಲದು. ಬೇಸಿಗೆಯಲ್ಲಿ ಉಲ್ಟಾ. ಹಗಲೆಲ್ಲಾ ಕಾದ ಬಂಡೆ ನಡುರಾತ್ರಿವರೆಗೆ ಬಿಸಿ ಉಗುಳುತ್ತದೆ, ಆಗಲೂ ಫೋಮೇ ಬೇಕು. ಸೆಕೆಗೆ ಮ್ಯಾಟ್ ಮೈಗೆ ಅಂಟುತ್ತದೆ, ಮೇಲೊಂದು ಹಳೇ ಧೋತರ ಹಾಸಿದರೆ ಆಯಿತು.

ಡೋಣಿಸಾಲು

ಧಾಬಾದಾಗ ಹೊರಸು (ಮಂಚ) ಕೊಡ್ತಾರ, ಅದರ ಮ್ಯಾಲ ಮಲಗಿದ್ರ ಮ್ಯಾಟ್ ಬ್ಯಾಡ ಅನ್ನವ್ರಿಗೆ: ಜನವರಿದಾಗ ಹೊರಸಿನ ಕೆಳಗ ಗಾಳಿ ಆಡತೈತಿ, ಬೆನ್ನ ನೆಲಕ್ಕಿಂತ ಜಾಸ್ತಿ ತಣ್ಣಗ ಆಗ್ತೈತಿ. ಹೊರಸಿನ ಮ್ಯಾಲೂ ಫೋಮ್ ಹಾಸ್ರಿ.

ಕಬ್ಬಿನ ಸೀಮಿದಾಗ, ಮುಧೋಳ ಜಮಖಂಡಿ ಕಡೆ, ರವದಿ (ಕಬ್ಬಿನ ಒಣ ಎಲಿ) ಹಾಸಿ ಅದರ ಮ್ಯಾಲ ಮಲಗ್ರಿ, ಮೆತ್ತಗ ಇರ್ತೈತಿ ಅಂತ ಹೇಳವ್ರು ಅದಾರ. ಬ್ಯಾಡ. ರವದ್ಯಾಗ ಇಲಿ, ಇಲಿ ಹಿಂದ ಹಾವು. ಮ್ಯಾಲ ಸ್ಟೋವಿನ ಒಂದ್ ಕಿಡಿ ಬಿದ್ರ ಹೊಲಾನ ಹೋಗ್ತೈತಿ. ಮುಂಜಾನೆ ಮ್ಯಾಟ್ ಎತ್ತುವಾಗ ತುದಿ ಹಿಡದು ನಿಮ್ಮ ಕಡಿಂದ ಆಚೆ ಮಗಚ್ರಿ, ಬೆರಳ ಕೆಳಗ ಹಾಕಬ್ಯಾಡ್ರಿ. ಚೇಳು ಬೆಚ್ಚಗಿನ ಜಾಗ ಹುಡುಕ್ಕೊಂಡು ಬಂದಿರ್ತಾವು.

ಕೃಷ್ಣಾತೀರ

ಎಲ್ಲ ಓದಿ ಹೀಗೆ ಅಂದುಕೊಂಡೆ: 12 ಮಿಮೀ ಎಕ್ಸ್‌ಎಲ್‌ಪಿಇ ಹಾಳೆ ನೆಲಕ್ಕೆ, ಅದರ ಮೇಲೆ ಮುಕ್ಕಾಲು ಉದ್ದದ, 4 ಸೆಂಮೀ ದಪ್ಪದ ತಾನೇ ಉಬ್ಬುವ ಮ್ಯಾಟ್. ಎರಡೂ ಸೇರಿ 4,000ದೊಳಗೆ ಬರುವಂತಿದೆ. ಮುಕ್ಕಾಲು ಉದ್ದವಾದರೆ ಕಾಲಿಗೆ ಏನು? ಕಟ್ಟುವುದು ಹೇಗೆ?

ಎರೆಹುಳ

ಸರಿಯಾದ ಜೋಡಿ. 120 ಸೆಂಮೀ ಇದ್ದರೆ ಭುಜದಿಂದ ಮೊಣಕಾಲವರೆಗೆ ಬರುತ್ತದೆ, ಭಾರ ಬೀಳುವುದು ಅಷ್ಟಕ್ಕೇ. ಕಾಲಿಗೆ ಕೆಳಗಿನ ಫೋಮ್ ಇದ್ದೇ ಇದೆ, ಬೇಕಾದರೆ ಖಾಲಿ ಬದಿಚೀಲ ಮಡಚಿ ಇಡಿ. ತಲೆದಿಂಬಿಗೆ ಬಟ್ಟೆಯ ಚೀಲ.

ಟೆಂಟಿನ ಕೆಳಗೆ ತಾಡಪತ್ರಿ ಹಾಕುವಿರಾದರೆ ಟೆಂಟಿನ ತಳಕ್ಕಿಂತ ಸುತ್ತಲೂ ಎರಡು ಇಂಚು ಚಿಕ್ಕದಾಗಿ ಕತ್ತರಿಸಿ. ಹೊರಗೆ ಇಣುಕಿದರೆ ಇಬ್ಬನಿ, ಮಳೆ ಅದರ ಮೇಲೆ ಇಳಿದು ನಿಮ್ಮ ಕೆಳಗೇ ಬಂದು ನಿಲ್ಲುತ್ತದೆ. 120 ಜಿಎಸ್‌ಎಂ (ಚದರ ಮೀಟರಿಗೆ 120 ಗ್ರಾಂ) ತಾಡಪತ್ರಿಯ 210×90 ಸೆಂಮೀ ತುಂಡು 230 ಗ್ರಾಂ ಅಷ್ಟೇ. ಎರಿಮಣ್ಣು ಹಸಿ ಇದ್ದರೆ ಅದಕ್ಕೆ ಮೆತ್ತಿ ಕೆಜಿಗಟ್ಟಲೆ ಆಗುತ್ತದೆ, ಹಸಿಯಲ್ಲೇ ಕೆರೆಯಬೇಡಿ, ಒಣಗಲಿ, ತಾನೇ ಉದುರುತ್ತದೆ.

ಪಂಕ್ಚರ್ ಪೆಟ್ಟಿಗೆ

ಕಟ್ಟುವುದು: ತಾನೇ ಉಬ್ಬುವುದನ್ನು ಬದಿಚೀಲದೊಳಗೆ ಹಾಕಿ, ಹೊರಗೆ ಮುಳ್ಳು ಗೀರಬಾರದು. ಫೋಮ್ ಸುರುಳಿ ಕ್ಯಾರಿಯರ್ ಮೇಲೆ ಅಡ್ಡ. ಉದ್ದಕ್ಕೆ ಇಟ್ಟರೆ ಹಿಂದೆ ಚಾಚಿ ಕೆಂಪು ದೀಪ, ರಿಫ್ಲೆಕ್ಟರ್ ಎರಡನ್ನೂ ಮುಚ್ಚುತ್ತದೆ, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆಯಲ್ಲಿ ಅದು ಆಟವಲ್ಲ. ಹ್ಯಾಂಡಲ್ ಮುಂದೆ ಕಟ್ಟಿದರೆ ಬ್ರೇಕ್, ಗೇರ್ ಕೇಬಲ್ ಮಡಚಿ ಶಿಫ್ಟಿಂಗ್ ಕೆಡುತ್ತದೆ.

ಕೊಕ್ಕೆಯ ಇಲಾಸ್ಟಿಕ್ ಹಗ್ಗ ಬೇಡ, ಕೊಕ್ಕೆ ಹಾರಿ ಚಕ್ರದ ಕಡ್ಡಿಗೆ ಸಿಕ್ಕಿದರೆ ಹಿಂದಿನ ಗಾಲಿ ಅಲ್ಲೇ ನಿಲ್ಲುತ್ತದೆ. ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಎರಡು ಬೆರಳಗಲದ ಪಟ್ಟಿ ಮಾಡಿ, ಎರಡು ಕಡೆ ಕಟ್ಟಿ. ತುದಿ ಜೋತು ಬೀಳದಂತೆ ಒಳಗೆ ಸಿಕ್ಕಿಸಿ, ಬಲಗಡೆ ಫ್ರೀವೀಲ್ ಇದೆ ಅನ್ನುವುದು ನೆನಪಿರಲಿ. ತೀರಾ ಬಿಗಿಯಬೇಡಿ, ಪಟ್ಟಿ ಕಚ್ಚಿದಲ್ಲಿ ಫೋಮ್ ಕಾಯಂ ತಗ್ಗು ಬೀಳುತ್ತದೆ.

ಕೃಷ್ಣಾತೀರ

ಹಾಳೆ 60 ಅಗಲ ಇದೆ, ಬದಿಚೀಲ ದಾಟಿ ಎರಡೂ ಕಡೆ ಚಾಚುತ್ತದೆ. ಕತ್ತರಿಸಲೇ?

ಎರೆಹುಳ

52ಕ್ಕೆ ಕತ್ತರಿಸಿ, ಭುಜಕ್ಕೆ ಅಷ್ಟು ಸಾಕು. ಕತ್ತರಿ ಬೇಡ, ಅಂಚು ಹಲ್ಲುಹಲ್ಲಾಗುತ್ತದೆ. ಕಬ್ಬಿಣದ ಸ್ಕೇಲ್ ಇಟ್ಟು ಹೊಸ ಬ್ಲೇಡಿನ ಕಟರ್‌ನಲ್ಲಿ ಮೂರು ಸಲ ಹಗುರವಾಗಿ ಎಳೆಯಿರಿ. ಉಳಿದ 8 ಸೆಂಮೀ ಪಟ್ಟಿ ಎಸೆಯಬೇಡಿ. ಎರಡು ಮಡಚಿ ಸೊಂಟದ ಕೆಳಗಿಡಲು ಬರುತ್ತದೆ, ಸ್ಟೋವಿಗೆ ಗಾಳಿ ಮರೆ ಮಾತ್ರ ಮಾಡಬೇಡಿ, ಕರಗುತ್ತದೆ.

ಡೋಣಿಸಾಲು

ಸುತ್ತುವಾಗ ನೆಲಕ್ಕ ಹತ್ತಿದ ಮಗ್ಗಲು ಹೊರಗ ಬರಲಿ. ಫೋಮಿಗೆ ನೆಗ್ಗಿಲ ಮುಳ್ಳು ಸಿಕ್ಕೊಂಡಿರ್ತಾವು. ಒಳಗ ಸುತ್ತಿದ್ರ ಮಲಗೂ ಮೈಗೆ ಬರ್ತಾವು, ಅಲ್ಲಿಂದ ಮ್ಯಾಲಿನ ಮ್ಯಾಟಿಗೆ. ಒಂದ್ ಮಗ್ಗಲಿಗೆ ಮಾರ್ಕರ್‌ಲೆ ‘ನೆಲ’ ಅಂತ ಬರದು ಇಟ್ಟಬಿಡ್ರಿ, ಕತ್ತಲದಾಗ ತಪ್ಪೂದಿಲ್ಲ. ಹಾಸೂಕಿಂತ ಮೊದಲು ಅಂಗೈ ಸವರಿ ನೋಡ್ರಿ, ಕಣ್ಣಿಗೆ ಕಾಣದ್ದು ಕೈಗೆ ಹತ್ತತೈತಿ.